ಸೋಮೇಶ ಮಾಮಾನ ಶಿಕ್ಕಾ

ಬಲಗಾಲು ಮಡಚಲು ಒಪ್ಪುತ್ತಿರಲಿಲ್ಲ. ಎಡಗಾಲು ಹೇಗೋ ಪದ್ಮಾಸನಕ್ಕೆ ಒಗ್ಗಿತ್ತು. ಬಲಗಾಲನ್ನು ಇಬ್ಬರು ಹಿಡಿದು ಬಗ್ಗಿಸಿದರೂ, ಕೈ ಸಡಿಲಿಸಿದೊಡನೆ ಮೆಲ್ಲಗೆ ಮತ್ತೆ ಮುಂದಕ್ಕೆ ಚಾಚಿಕೊಳ್ಳುತ್ತಿತ್ತು.

“ಬಿಸಿನೀರ ತರ್ರಿ,” ಎಂದಳು ಅಕ್ಕನಾಗಮ್ಮ. “ಜೀವ ಇದ್ದಾಗ ನನ್ನ ಒಂದ ಮಾತ ಕೇಳಲಿಲ್ಲ. ಈಗೇನ ಕೇಳ್ತಾನ.”

ಪಕ್ಕದ ಮನೆಯ ರೇವಮ್ಮ ತಪ್ಪಲೆ ತಂದಿಟ್ಟಳು. ಬೆಳಿಗ್ಗೆ ಚಹಾ ಕೊಡಲು ಬಂದು, ಹಾಸಿಗೆಯಲ್ಲಿ ತಣ್ಣಗಾಗಿದ್ದ ಸೋಮೇಶನನ್ನು ಮೊದಲು ನೋಡಿದವಳು ಅವಳೇ. ಅಕ್ಕನಾಗಮ್ಮ ಅರಿವೆಯನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ ತಮ್ಮನ ಮೊಣಕಾಲಿಗೆ ಸುತ್ತಿದಳು. ಸಣ್ಣವನಿದ್ದಾಗ ಅಂಗಡಿಯ ಕಾಳಿನ ಚೀಲಗಳ ಮೇಲಿಂದ ಬಿದ್ದು ಉಳುಕಿಸಿಕೊಂಡದ್ದು ಇದೇ ಮೊಣಕಾಲು. ಆಗಲೂ ಹೀಗೇ ಸುತ್ತಿದ್ದಳು.

ಕಾಲು ಕೊನೆಗೂ ಮಣಿಯಿತು. ಆಗ ಇನ್ನೊಂದು ಪೇಚು ಎದುರಾಯಿತು. ಹೆಣವನ್ನು ಕೂಡಿಸಿ ಒರಗಿಸಲು ಆ ಮನೆಯಲ್ಲಿ ಖಾಲಿ ಗೋಡೆಯೇ ಇರಲಿಲ್ಲ. ಸೋಲಾಪುರದ ಶುಕ್ರವಾರ ಪೇಠದಲ್ಲಿ, ಅಪ್ಪನ ಕಾಲದ ಕಾಳಿನ ಅಂಗಡಿಯ ಹಿಂದಿನ ಎರಡು ಕೋಣೆಗಳು ಅವು. ನೆಲದಿಂದ ಸೂರಿನವರೆಗೂ ಹಲಗೆಗಳು, ಹಲಗೆಗಳ ತುಂಬ ಹಳೆಯ ವಿಡಿಯೊ ಗೇಮುಗಳು: ಬೂದುಬಣ್ಣದ ಯಂತ್ರಗಳು, ಹಳದಿ ಕ್ಯಾಸೆಟ್ಟುಗಳು, ಸುತ್ತಿಟ್ಟ ವೈರುಗಳು. ತೊಂಬತ್ತರ ದಶಕದಲ್ಲಿ ಓಣಿಯ ಹುಡುಗರು ರೂಪಾಯಿ ಕೊಟ್ಟು ಟಿವಿಯ ಮುಂದೆ ಕುಳಿತು ಆಡುತ್ತಿದ್ದ ಆಟಗಳು. ಆಡುವವರು ದೊಡ್ಡವರಾಗಿ ಹೋದರು, ಸೋಮೇಶ ಮಾತ್ರ ಒಂದನ್ನೂ ಬಿಸಾಡಲಿಲ್ಲ. ಮದುವೆಯನ್ನೂ ಆಗಲಿಲ್ಲ.

“ಹೆಣ ಆನಿಸಾಕ ಒಂದ ಗ್ವಾಡಿ ಖಾಲಿ ಇಟ್ಟಿಲ್ಲ ಪುಣ್ಯಾತ್ಮ,” ಎಂದಳು ಅಕ್ಕನಾಗಮ್ಮ. “ತಗೀರಿ ಇವನ್ನೆಲ್ಲ.”

“ಹಗೂರ, ಹಗೂರ ತಗೀರಿ,” ಎನ್ನುತ್ತ ಓಂಕಾರ ಮುಂದೆ ಬಂದ. ಅವನು ಹಲ್ಲಿನ ಡಾಕ್ಟರ. ಬಿಡುವಿನಲ್ಲಿ ಹಳೆಯ ಗೇಮು ಕೂಡಿಡುವವ. ಹೆಣದ ಎದುರು ಅತ್ತ ಕಣ್ಣು ಒರೆಸಿಕೊಳ್ಳುತ್ತಲೇ ಅವನು ಒಂದೊಂದು ಡಬ್ಬಿಯನ್ನೂ ಹಸುಗೂಸಿನಂತೆ ಎರಡೂ ಕೈಯಲ್ಲಿ ಎತ್ತಿಟ್ಟ.

ಸೋಮೇಶನ ಹೆಸರು ಸೋಲಾಪುರಕ್ಕಿಂತ ಹೊರಗೇ ಹೆಚ್ಚು ಗೊತ್ತಿತ್ತು. ಪುಣೆ, ಮುಂಬೈ, ಹೈದರಾಬಾದಿನಿಂದ ಜನ ಹಳೆಯ ಕ್ಯಾಸೆಟ್ಟುಗಳನ್ನು ಕೊರಿಯರಿನಲ್ಲಿ ಕಳಿಸುತ್ತಿದ್ದರು. ಅವನು ತಿರುಪು ಬಿಚ್ಚಿ, ಒಳಗಿನ ಹಸಿರು ಸರ್ಕಿಟ್ ಹಲಗೆ ನೋಡಿ, ಅಸಲಿಯೋ ನಕಲಿಯೋ, ಡಬ್ಬಿ ಅದರದ್ದೇ ಹೌದೋ ಅಲ್ಲವೋ ತೀರ್ಮಾನಿಸಿ ಹತ್ತಕ್ಕೆ ಇಷ್ಟು ಎಂದು ಅಂಕಿ ಕೊಡುತ್ತಿದ್ದ. ಬೆಳ್ಳಿ ಬಣ್ಣದ ಸ್ಟಿಕರ್ ಅಂಟಿಸಿ, ಅದರ ಮೇಲೆ ರಬ್ಬರಿನ ಶಿಕ್ಕಾ ಒತ್ತುತ್ತಿದ್ದ. ಬ್ಯಾಂಕಿನ ತಾರೀಖಿನ ಶಿಕ್ಕಾದಂತೆ ಅಂಕಿ ತಿರುಗಿಸಬಹುದಾದದ್ದು. ಅಂಕಿಯ ಮೇಲೆ ಕನ್ನಡದಲ್ಲಿ ‘ಸೋ’. ಅದು ಬಿದ್ದ ವಸ್ತುವಿಗೆ ಬೆಲೆ ಏರುತ್ತಿತ್ತು. ಸೋಮೇಶ ಮಾತ್ರ ತಾನು ಅಂಕಿ ಕೊಟ್ಟದ್ದನ್ನು ಎಂದೂ ಕೊಳ್ಳುತ್ತಿರಲಿಲ್ಲ, ತನ್ನ ಸ್ವಂತದ್ದಕ್ಕೆ ಎಂದೂ ಅಂಕಿ ಕೊಡುತ್ತಿರಲಿಲ್ಲ. ತಕ್ಕಡಿ ಹಿಡಿದವ ಸಂತೆ ಮಾಡಬಾರದು ಎನ್ನುತ್ತಿದ್ದ.

“ನನ್ನ ಚಹಾಕ್ಕ ದಿನಾ ಆರು,” ಎಂದಳು ರೇವಮ್ಮ, ಮೂಗು ಒರೆಸಿಕೊಳ್ಳುತ್ತ. “ಯಾಲಕ್ಕಿ ಹಾಕಿದ ದಿನಾನೂ ಆರು. ಆರೂವರಿ ಅಂದಿದ್ರ ಅವನ ಗಂಟೇನ ಹೋಗ್ತಿತ್ತು?”

ಅಕ್ಕನಾಗಮ್ಮನ ಮಗ ಪ್ರಸಾದ ಹೊಸ್ತಿಲ ಹೊರಗೇ ನಿಂತಿದ್ದ. ಅವನೇ ಕ್ರಿಯೆ ಮಾಡಬೇಕಾದವನು. ಮಾಮಾನ ಮನೆಯ ಮೆಟ್ಟಿಲು ತುಳಿದು ವರ್ಷವಾಗಿತ್ತು. ಒಳಗೆ ಬಾ ಎಂದು ಅಕ್ಕನಾಗಮ್ಮ ಕರೆಯಲಿಲ್ಲ. ಕರೆದೂ ಬರದಿದ್ದರೆ ಎಂಬ ಅಂಜಿಕೆ.

ಆಗ ದೊಡ್ಡ ಹೂಮಾಲೆ ಹಿಡಿದು ಯೋಗಿರಾಜ ಬಂದ. ಇದೇ ಪೇಠದಲ್ಲಿ ಬೆಳೆದು, ಈಗ ಪುಣೆಯಲ್ಲಿ ಹಳೆಯ ಗೇಮುಗಳ ವ್ಯಾಪಾರ ಮಾಡುವವನು. ಮಾಲೆ ಹಾಕಿದ, ಕಾಲಿಗೆ ಹಣೆ ಹಚ್ಚಿದ, ನಿಜವಾಗಿಯೂ ಅತ್ತ. ಬಳಿಕ ಅಕ್ಕನಾಗಮ್ಮ ಅರಿವೆ ಹಿಂಡುತ್ತಿದ್ದ ಬಚ್ಚಲಿನ ಬಾಗಿಲಿಗೆ ಬಂದು ನಿಂತ.

“ಅಕ್ಕಾರ, ಈ ದುಃಖದಾಗ ಕೇಳಬಾರದು. ಆದ್ರ ಒಂದ ಮಾತು. ಅಣ್ಣಾರ ಶಿಕ್ಕಾ, ಸ್ಟಿಕರಿನ ಸುರುಳಿ ನನಗ ಕೊಡ್ರಿ. ಅವರ ಹೆಸರ ನಡಿಸಿಕೊಂಡ ಹೋಗ್ತೀನಿ.”

“ಹೆಸರ ಅವನ ಕೂಡ ಹೊಂಟೈತಿ.”

“ಹಂಗಲ್ರಿ. ಇನ್ನ ಮ್ಯಾಲೆ ಅವರ ಶಿಕ್ಕಾಕ್ಕ ಬಂಗಾರದ ಬೆಲಿ ಬರತೈತಿ. ಮನಷ್ಯಾನ ಇಲ್ಲ ಅಂದಮ್ಯಾಲೆ ಹೊಸಾದ ಬರೂದಿಲ್ಲಲ್ರಿ, ಅದಕ್ಕ.”

“ಹೊಸಾದ ಬರೂದಿಲ್ಲ ಅಂದ್ರ ನಿನಗ್ಯಾಕ ಬೇಕು ಶಿಕ್ಕಾ?”

ಯೋಗಿರಾಜ ಒರಟಾಗಿ ಅಲ್ಲ, ತಾಳ್ಮೆಯಿಂದಲೇ ಹೇಳಿದ: “ನೀವು ಕೊಡದಿದ್ರೂ ಮಾಡಸಾಕ ಬರತೈತ್ರಿ. ಪ್ಯಾಟ್ಯಾಗ ಹೊತ್ತ ಮುಳುಗೂದ್ರಾಗ ಇಂಥಾದ ಕೆತ್ತಿ ಕೊಡ್ತಾರ. ಮರ್ಯಾದಿ ಅಂತ ಕೇಳಾಕ ಬಂದೀನಿ.”

ಅವನು ಆಚೆ ಸರಿಯುವುದನ್ನೇ ಕಾಯುತ್ತಿದ್ದವನಂತೆ ಓಂಕಾರ ಬಂದ. “ಅವಗ ಕೊಡಬ್ಯಾಡ್ರಿ ಅಕ್ಕಾರ. ಕಂಡದ್ದಕ್ಕೆಲ್ಲ ಒಂಬತ್ತು ಒತ್ತಿ ಮಾರ್ತಾನ. ನನ್ನ ಹಂತೇಕ ಕೊಡ್ರಿ, ತಿಜೋರ್‍ಯಾಗ ಇಡ್ತೀನಿ.”

“ನಿನಗ್ಯಾಕ ಅಷ್ಟ ಕಾಳಜಿ?”

“ಅಣ್ಣಾರ ಶಿಕ್ಕಾ ಬಿದ್ದ ವಸ್ತು ನನ್ನ ಕಡೆ ಬಾಳ ಅದಾವ್ರಿ. ಖೋಟಾ ಬಂದ್ರ ನನ್ನವೂ ಮಣ್ಣಾಗ್ತಾವ.”

“ಹಂಗಾರ ನೀನೂ ಅದ ಸಂತ್ಯಾಂವ. ಸರಿ ಅತ್ತಾಗ, ಇನ್ನ ಅರಿವಿ ಉಡಿಸೂದೈತಿ.”

ಅವಳು ಒಳಗೆ ಹೋಗಿ ಕಿಟಕಿಯ ಮೇಲಿದ್ದ ಶಿಕ್ಕಾ, ಶಾಯಿಯ ಡಬ್ಬಿ, ಸ್ಟಿಕರಿನ ಸುರುಳಿ ಮೂರನ್ನೂ ತನ್ನ ಎಲೆಅಡಿಕೆಯ ಚೀಲಕ್ಕೆ ತುರುಕಿಕೊಂಡಳು. ಚೀಲದ ಬಾಯಿ ಮುಚ್ಚಲಿಲ್ಲ. ಅದಕ್ಕೂ ತಮ್ಮನನ್ನೇ ಬೈದಳು.

*

ಹೋದ ಬೇಸಿಗೆಯಲ್ಲಿ ಪ್ರಸಾದ ತನ್ನ ಬಾಲ್ಯದ ಟಿವಿ ಗೇಮನ್ನು ಮಾರಹೊರಟಿದ್ದ. ಅದನ್ನು ಅವನಿಗೆ ಕೊಟ್ಟವನು ಸೋಮೇಶನೇ. ಅಕ್ಕಲಕೋಟದಲ್ಲಿ ಗುಡಿಗೆ ಹೋಗುವ ದಾರಿಯ ಮೇಲೆ ಕಬ್ಬಿನ ಹಾಲಿನ ಅಂಗಡಿ ಇಡಬೇಕೆಂಬ ಹಂಬಲ ಪ್ರಸಾದನಿಗೆ. ಹೈದರಾಬಾದಿನ ಗಿರಾಕಿಯೊಬ್ಬ, ಡಬ್ಬಿ ಸಮೇತ ಇದ್ದು ಸೋಲಾಪುರದ ಶಿಕ್ಕಾ ಬಿದ್ದರೆ ಕೊಳ್ಳುತ್ತೇನೆ ಎಂದಿದ್ದ. ಡಬ್ಬಿ ಎಂದೋ ಹನ್ನೂರಿನಲ್ಲಿ ಅವರ ಮನೆಯ ಒಲೆ ಸೇರಿತ್ತು. ಪ್ರಸಾದ ಫೋಟೊ ನೋಡಿ ಹೊಸದನ್ನು ಛಾಪಿಸಿ, ಚಹಾದ ನೀರು ಸವರಿ, ಬಿಸಿಲಿಗಿಟ್ಟು ಹಳೆಯದು ಮಾಡಿದ. ತಾಯಿ ಮಗ ಕೂಡಿ ತಂದರು.

ಸೋಮೇಶ ಡಬ್ಬಿಯನ್ನು ಮೂಗಿಗೆ ಹಿಡಿದ. “ಚಹಾ,” ಎಂದ. “ಯಂತ್ರ ಖರೇ. ಡಬ್ಬಿ ಸುಳ್ಳ. ಮೂರು.”

“ನಿನ್ನ ಅಳಿಯಾ ಅವ,” ಎಂದಳು ಅಕ್ಕನಾಗಮ್ಮ.

“ಅಳಿಯಾ ಖರೇನ ಅದಾನಕ್ಕಾ. ನಾ ಡಬ್ಬಿ ಮಾತ ಹೇಳಾಕತ್ತೀನಿ.”

“ಆರು ಅಂದ್ರ ಯಾರ ಸಾಯ್ತಾರ?”

“ಆರು ಅಂದ್ರ ಆ ಮನಷ್ಯಾ ಆರಂತ ತಗೋತಾನ.”

“ಆ ಹೈದರಾಬಾದಿನಾಂವ ನಿನಗೇನ ಆಗಬೇಕು?”

“ಏನೂ ಆಗಬೇಕಿಲ್ಲ. ಅದಕ್ಕ.”

ಎದ್ದು ಹೋಗಿ, ಹಲಗೆಯ ಮೇಲಿಂದ ತನ್ನದೇ ಒಂದು ಯಂತ್ರವನ್ನು ಅದರ ಅಸಲಿ ಡಬ್ಬಿಯೊಡನೆ ತಂದು ಪ್ರಸಾದನ ಮುಂದಿಟ್ಟ. ಇದನ್ನು ಮಾರಿಕೋ ಎಂದ. ಪ್ರಸಾದ, ಹಾಗಾದರೆ ಇದಕ್ಕೆ ಶಿಕ್ಕಾ ಹಾಕು ಎಂದ. ನನ್ನದಕ್ಕೆ ನಾನು ಹಾಕುವುದಿಲ್ಲ ಎಂದ ಸೋಮೇಶ. ಪ್ರಸಾದ ಡಬ್ಬಿಯನ್ನು ಹಿಂದಕ್ಕೆ ತಳ್ಳಿ ಮೆಟ್ಟಿಲಿಳಿದು ಹೋದ. ಅಂಗಡಿಯನ್ನು ಕೊನೆಗೆ ಹೆಂಡತಿಯ ಸರ ಒತ್ತೆಯಿಟ್ಟು ತೆರೆದ. ಅಂದಿನಿಂದ ಅಕ್ಕನಾಗಮ್ಮ ತಮ್ಮನಿಗೆ ಫೋನಿನಲ್ಲಿ ಹಬ್ಬದ ದಿನ ಮಾತ್ರ ಮಾತಾಡುತ್ತಿದ್ದಳು, ಅದೂ ಬೈಯಲಿಕ್ಕೆ.

*

ಕುರ್ಚಿಗೆ ಕಟ್ಟಿ ಕೂಡಿಸಿದ ಸೋಮೇಶನನ್ನು ಟೆಂಪೊದಲ್ಲಿ ಏರಿಸಿದರು. ಮಣ್ಣು ಮಾಡುವುದು ವಾಗದರಿಯ ಹೊಲದಲ್ಲಿ, ಅಪ್ಪನ ಪಕ್ಕ. ಅಕ್ಕಲಕೋಟ ದಾಟಿದ ಮೇಲೆ ರಸ್ತೆ ಕೆಟ್ಟಿತ್ತು; ತಗ್ಗು ಬಂದಾಗಲೆಲ್ಲ ಸೋಮೇಶನ ತಲೆ ಮುಂದಕ್ಕೆ ವಾಲುತ್ತಿತ್ತು. ಎದುರು ಕುಳಿತ ಪ್ರಸಾದ ಮೊದಲು ಅತ್ತಿತ್ತ ನೋಡಿದ. ಆಮೇಲೆ ಎದ್ದು ಬಂದು ಮಾಮಾನ ಹಣೆಗೆ ಅಂಗೈ ಕೊಟ್ಟು ಹಿಡಿದ. ಬೆರಳಿಗೆಲ್ಲ ವಿಭೂತಿಯಾಯಿತು.

“ಅವ್ವಾ,” ಎಂದ ಸ್ವಲ್ಪ ದೂರ ಹೋದ ಮೇಲೆ. “ಆ ಡಬ್ಬಿ ಮೂರಕ್ಕೂ ಇರಲಿಲ್ಲ. ಅಕ್ಷರ ವಾಂಕಡಾ, ಸೊಟ್ಟಸೊಟ್ಟ ಛಾಪಿಸಿದ್ರು.”

“ಈಗ ಹೇಳ್ತಿ.”

“ಮಾಮಾಗ ಹೇಳಬೇಕಂದಿದ್ದೆ.”

“ಹೇಳು. ಇಲ್ಲೇ ಕುಂತಾನ.”

ಪ್ರಸಾದ ಮಾಮಾನ ಹಣೆಯ ಮೇಲಿನ ಕೈಯನ್ನು ತೆಗೆಯಲಿಲ್ಲ. ಹಿಂದಿನ ಗಾಜಿನಲ್ಲಿ ಯೋಗಿರಾಜನ ಬಿಳಿ ಕಾರು ಬಿಡದೆ ಬರುತ್ತಿರುವುದು ಕಾಣಿಸುತ್ತಿತ್ತು. ಓಂಕಾರನೂ ಅದರಲ್ಲೇ ಕುಳಿತಿದ್ದ. ಒಬ್ಬರನ್ನೊಬ್ಬರು ಬಿಟ್ಟಿರಲು ಇಬ್ಬರಿಗೂ ಧೈರ್ಯವಿರಲಿಲ್ಲ.

“ಶಿಕ್ಕಾ ಮಾಮಾನ ಕೂಡ ಕುಣ್ಯಾಗ ಹಾಕಿಬಿಡು,” ಎಂದ ಪ್ರಸಾದ.

“ಹಾಕಿದ್ರ ಅವ ಇನ್ನೊಂದ ಕೆತ್ತಸ್ತಾನ. ಹುಗದ್ರೂ ಅಷ್ಟ, ಸುಟ್ರೂ ಅಷ್ಟ.” ಅವಳು ತಮ್ಮನ ಮುಖ ನೋಡಿದಳು. “ನೋಡು, ಎಂಥಾ ಪೀಡಾ ನನ್ನ ಕೊರಳಿಗೆ ಕಟ್ಟಿ ಹೊಂಟಾನ.”

*

ಆ ಜಗಳಕ್ಕೂ ಮೊದಲು ಒಮ್ಮೆ ಹೀಗೇ ನಡುಮಧ್ಯಾಹ್ನ ಸೋಮೇಶ ಹನ್ನೂರಿನ ಅವಳ ಮನೆಗೆ ಬಂದಿದ್ದ. ಅಂಗಿಯ ತೋಳು ಹರಿದಿತ್ತು. ಕಲಬುರ್ಗಿಗೆ ಹೋಗಿದ್ದೆ ಎಂದ. ಅಲ್ಲಿಯ ಒಬ್ಬನ ಬಳಿ ತಾನು ಒಂಬತ್ತು ಕೊಟ್ಟ ಕ್ಯಾಸೆಟ್ಟೊಂದಿತ್ತಂತೆ. ಅಂಥದ್ದೇ ಇನ್ನೊಂದು ಕೈಗೆ ಬಂದು ಹೋಲಿಸಿ ನೋಡಿದಾಗ, ಮೊದಲನೆಯದರ ಸೀಲು ಯಾರೋ ಮತ್ತೆ ಬಿಸಿ ಮಾಡಿ ಅಂಟಿಸಿದ್ದೆಂದು ಗೊತ್ತಾಯಿತು. ತಪ್ಪು ಹೇಳಿ, ತನ್ನ ಸ್ಟಿಕರನ್ನು ತಾನೇ ಕಿತ್ತುಬರಲು ಬಸ್ಸು ಹತ್ತಿ ಹೋಗಿದ್ದ.

“ಕಿತ್ತಕೊಡ ಅಂತ ಅವ ಕೇಳಿದ್ನೇನು?”

“ಇಲ್ಲ. ಬ್ಯಾಡ ಅಂದ. ಒಂಬತ್ತ ಅಂತ ಬರದೈತಿ, ಒಂಬತ್ತ ಇರಲಿ, ನಡೀ ಅಂದ. ನಾ ಅಂಚ ಹಿಡಿದು ಜಗ್ಗಿದೆ. ಅವ ನನ್ನ ಜಗ್ಗಿದ.”

ಅಕ್ಕನಾಗಮ್ಮ ಹಣೆ ಬಡಿದುಕೊಂಡು ರೊಟ್ಟಿ ಬಡಿದಳು. ಅವನು ಹೊಟ್ಟೆ ತುಂಬ ಉಂಡ. ಕೈ ತೊಳೆಯುತ್ತ, “ಬದನಿಕಾಯಿ ಏಳು. ಉಪ್ಪ ಕಡಿಮಿ ಆಗೈತಿ,” ಎಂದ. ಅವಳು ನೀರಿನ ತಂಬಿಗೆಯನ್ನು ಅವನ ಕಾಲ ಬಳಿ ಕುಕ್ಕಿ ಒಳಗೆ ಹೋದಳು. ಒಳಗೆ ಹೋಗಿ ಪಲ್ಯ ನೆಕ್ಕಿ ನೋಡಿದಳು. ಉಪ್ಪು ಕಡಿಮೆಯೇ ಇತ್ತು.

*

ವಾಗದರಿಯ ಹೊಲದಂಚಿನಲ್ಲಿ ಅಪ್ಪನ ಹಳೆಯ ಮನೆ. ಹೊಲವನ್ನು ಪಾಲಿಗೆ ಮಾಡುವ ಕಲ್ಲಣ್ಣ ಅಲ್ಲೇ ಇದ್ದು ಕುರಿ ಸಾಕಿಕೊಂಡಿದ್ದ. ಅಂಗಳದ ಬೇಲಿಯೊಳಗೆ ಬೀರೋಬ ದೇವರ ಹೆಸರಿನ ಕುರಿಗಳು. ಅದರಾಚೆ ಅಗೆದಿಟ್ಟ ಕುಣಿ. ಅಯ್ಯನವರು ಮಂತ್ರ ಹೇಳಿದರು. ಸೋಮೇಶನ ಅಂಗೈಯಲ್ಲಿ ಲಿಂಗವಿಟ್ಟು ಕುಣಿಯೊಳಗಿನ ಗೂಡಿನಲ್ಲಿ ಕೂಡಿಸಿದರು. ಈ ಸಲ ಬಲಗಾಲು ತಕರಾರು ಮಾಡಲಿಲ್ಲ. ಪತ್ರಿ, ವಿಭೂತಿ, ಚೀಲಗಟ್ಟಲೆ ಉಪ್ಪು ಸುರಿದರು. ಪ್ರಸಾದ ಮೊದಲ ಹಿಡಿ ಮಣ್ಣು ಹಾಕಿದ. ಅಕ್ಕನಾಗಮ್ಮನೂ ಹಾಕಿದಳು. ಗಂಡಸರು ಸಲಿಕೆ ಹಿಡಿದಾಗ ಹೆಂಗಸರು ಮನೆಗೆ ತಿರುಗಿದರು.

ಅಂಗಳದಲ್ಲಿ ಮಕ್ಕಳು ಬೇಸತ್ತು ಕಿತ್ತಾಡುತ್ತಿದ್ದವು: ಪ್ರಸಾದನ ಮಗಳು ಕಾಜಲ, ಕಲ್ಲಣ್ಣನ ಮೊಮ್ಮಕ್ಕಳು. ಅಕ್ಕನಾಗಮ್ಮ ಕಟ್ಟೆಯ ಮೇಲೆ ಕುಳಿತು ಎಲೆ ಹಾಕಿಕೊಳ್ಳಲು ಚೀಲಕ್ಕೆ ಕೈ ಹಾಕಿದಳು. ಎಲೆ ಸಿಗಲಿಲ್ಲ, ಶಿಕ್ಕಾ ಸಿಕ್ಕಿತು. ಮತ್ತೆ ತಡಕಿದಳು, ಸುರುಳಿ ಸಿಕ್ಕಿತು. ಬೆರಳಿಗೆಲ್ಲ ಶಾಯಿಯಾಯಿತು.

“ಹೇ ಕಾಯ್ ಆಹೇ, ಆಯೀ?” ಎಂದು ಕಾಜಲ ಅದೇನೆಂದು ನೋಡಲು ಬಂದು ಬಾಗಿದಳು. ಅವಳದು ಮರಾಠಿ ಸಾಲೆ.

“ಶಿಕ್ಕಾ. ಇದು ‘ಸೋ’. ನಿಮ್ಮ ಸೋಮೇಶ ಮುತ್ಯಾನ ಹೆಸರು.”

“ಜಿಲೇಬಿ ಹಂಗ ಐತಿ.”

ಅಕ್ಕನಾಗಮ್ಮ ಆ ಅಕ್ಷರವನ್ನು ನೋಡಿದಳು. ಬೇಲಿಯಾಚೆ ನಿಂತಿದ್ದ ಬಿಳಿ ಕಾರನ್ನು ನೋಡಿದಳು. ಹುಗಿದರೆ ಇನ್ನೊಂದು ಹುಟ್ಟುತ್ತದೆ, ಬಚ್ಚಿಟ್ಟರೆ ಬೆಲೆ ಏರುತ್ತದೆ. ಬೆಳಗಿನಿಂದ ತಲೆಯಲ್ಲಿ ಕುಟ್ಟುತ್ತಿದ್ದ ಸಿಟ್ಟು ಅಲ್ಲಿಗೆ ಬಂದು ನಿಂತಿತು.

“ಬಾ ಇಲ್ಲಿ,” ಎಂದಳು. “ಅಂಕಿ ಹಿಂಗ ತಿರುವಬೇಕು. ಶಾಯಿಗೆ ಒತ್ತು. ಇದನ್ನ ಹಿಂಗ ಅಂಟಸು.”

“ಕಶಾಲಾ? ಯಾವದಕ್ಕ ಅಂಟಸ್ಲಿ?”

“ನಿನಗ ಕಂಡದ್ದಕ್ಕ. ಎಲ್ಲಾರೂ ಕೂಡಿ ಅಂಟಸ್ರಿ. ಒಂದೂ ಉಳಸಬ್ಯಾಡ್ರಿ.”

ಗಂಡಸರು ಬಾವಿಯಲ್ಲಿ ಮಿಂದು ಒದ್ದೆ ಪಂಚೆಯಲ್ಲಿ ಬರುವಷ್ಟರಲ್ಲಿ ಸುರುಳಿ ಖಾಲಿಯಾಗಿತ್ತು. ಹೊಸ್ತಿಲಿಗೆ ಐದು. ಬೀಸುವ ಕಲ್ಲಿಗೆ ಎಂಟು. ನೀರಿನ ಟಾಕಿಗೆ, ಕೊಡಲಿಯ ಕಾವಿಗೆ, ಜೋಳದ ಕಣಜಕ್ಕೆ, ಅಯ್ಯನವರ ಸೈಕಲ್ಲಿನ ಸೀಟಿಗೆ, ಮಲಗಿದ್ದ ನಾಯಿಯ ಬೆನ್ನಿಗೆ. ಯೋಗಿರಾಜನ ಕಾರಿನ ಗಾಜು, ಬಾಗಿಲು, ಕನ್ನಡಿಯ ಮೇಲೆಲ್ಲ ಬೆಳ್ಳಿ ಚೌಕಗಳು; ಒಂದು ಸೊಟ್ಟ, ಒಂದು ತಲೆಕೆಳಗು, ಕೆಲವಕ್ಕೆ ಅಂಕಿಯೇ ಇಲ್ಲ.

ಯೋಗಿರಾಜ ಕಾರಿಗೊಂದು ಸುತ್ತು ಬಂದ. “ಅಕ್ಕಾರ, ಏನ ಮಾಡಿಸಿದ್ರಿ ಇದು?”

“ಹೆಸರ ನಡಿಸಾಕತ್ತಾರ ಹುಡುಗೋರು.”

ಓಂಕಾರ ತಲೆಯ ಮೇಲೆ ಕೈಯಿಟ್ಟುಕೊಂಡ. “ನನ್ನವೂ ಹೋದುವಲ್ರಿ.”

“ನಿನ್ನ ವಸ್ತು ಖರೇ ಅದಾವೋ ಇಲ್ಲೋ?”

“ಅದಾವ್ರಿ.”

“ಮತ್ಯಾಕ ಅಳ್ತಿ? ಮನ್ಯಾಗ ಕುಂತ ಆಡು.”

ಪ್ರಸಾದ ಮುಖ ತಿರುಗಿಸಿಕೊಂಡು ಒದ್ದೆ ಟವೆಲ್ಲನ್ನು ಬಾಯಿಗೆ ಒತ್ತಿಹಿಡಿದ. ನಗುತ್ತಿದ್ದನೋ ಅಳುತ್ತಿದ್ದನೋ ತಿಳಿಯಲಿಲ್ಲ, ಭುಜ ಅಲುಗುತ್ತಿತ್ತು. ಓಂಕಾರ ಕೊನೆಗೆ ಫೋನು ತೆಗೆದು ನಾಯಿಯ ಫೋಟೊ, ಕಾರಿನ ಫೋಟೊ ಹೊಡೆದು ಇನ್ನು ಈ ಶಿಕ್ಕಾ ನಂಬಬೇಡಿ ಎಂದು ಬರೆದು ಹಳೆಯ ಗೇಮು ಕೂಡಿಡುವವರ ಗ್ರೂಪಿಗೆ ಕಳಿಸಿದ. ಫೋನು ಟಿಣ್ ಟಿಣ್ ಎಂದು ಬಡಿದುಕೊಳ್ಳತೊಡಗಿತು. ಯೋಗಿರಾಜ ಯಾರಿಗೂ ಹೇಳದೆ ಕಾರು ಹತ್ತಿ, ಸ್ಟಿಕರುಗಳ ಸಂದಿಯಿಂದ ರಸ್ತೆ ನೋಡುತ್ತ ಅಕ್ಕಲಕೋಟದ ಕಡೆ ಹೊರಟ.

ಹೊತ್ತು ಇಳಿಯುತ್ತಿತ್ತು. ಕಲ್ಲಣ್ಣ ನೀರಿಗೆ ಬಿಡಲು ಬೇಲಿ ತೆರೆದ. ಕುರಿಗಳು ಒತ್ತೊತ್ತಾಗಿ ಹೊರಬಂದು, ಬಾವಿಯ ದಾರಿ ಬಿಟ್ಟು ಹೊಸ ಮಣ್ಣಿನ ಗುಡ್ಡೆಯತ್ತ ಹೊರಳಿದವು. ಅಲ್ಲಿ ಚೀಲದಿಂದ ಚೆಲ್ಲಿದ ಉಪ್ಪು ನೆಲದ ಮೇಲೆ ಬೆಳ್ಳಗೆ ಬಿದ್ದಿತ್ತು. ಕಲ್ಲಣ್ಣ ಕೋಲು ಎತ್ತಿದ. ಅಕ್ಕನಾಗಮ್ಮ ಬೇಡವೆಂದು ಕೈ ಮಾಡಿದಳು. ಕಿವಿ ಹರಿದ ಮುದಿ ಟಗರೊಂದು ಎಲ್ಲವನ್ನೂ ನೂಕಿ ಮುಂದೆ ಬಂದು, ಮುಂಗಾಲೂರಿ, ಸೋಮೇಶನ ಮಣ್ಣಿನ ಮೇಲಿನ ಉಪ್ಪನ್ನು ನಿಧಾನವಾಗಿ ನೆಕ್ಕತೊಡಗಿತು. ನೆಕ್ಕಿದಂತೆಲ್ಲ ಅದರ ಕೋಡಿನ ಮೇಲಿನ ಬೆಳ್ಳಿ ಚೌಕ ಸಂಜೆಬಿಸಿಲಿಗೆ ಹೊಳೆಯುತ್ತ ಆರುತ್ತ ಇತ್ತು.