ವಿಭೂತಿ ಹಚ್ಚಿದ ಹುಲಿ

ಹುಲಿ ಯಾರದ್ದು ಎಂಬ ಪ್ರಶ್ನೆ ಚನ್ನವೀರೇಶನ ತಲೆಗೆ ಬರುವ ಮೊದಲೇ ಅದು ಊರೆಲ್ಲ ಓಡಾಡುತ್ತಿತ್ತು, ಜನರ ಎದೆಯ ಮೇಲೆ. ಕಾಮಾಕ್ಷಿಪಾಳ್ಯದ ಶೆಡ್ಡಿನಲ್ಲಿ ಶಾಲೆಗಳ ಯೂನಿಫಾರ್ಮ್ ಹೊಲಿಸುತ್ತಿದ್ದ ಮನುಷ್ಯ ಅವನು. ಶಾಲೆಗಳು ಒಂದೊಂದಾಗಿ ಕೈಬಿಟ್ಟ ಮೇಲೆ ಉಳಿದದ್ದು ದೊಡ್ಡ ಜಾಲತಾಣವೊಂದರಲ್ಲಿ ತೆರೆದಿದ್ದ ಆನ್‌ಲೈನ್ ಅಂಗಡಿಯೊಂದೇ. ಅದೂ ಹೋದರೆ ಶೆಡ್ಡಿಗೆ ಬೀಗ. ಕ್ರಿಕೆಟ್ ಸೀಸನ್ ಬರುತ್ತಿದ್ದಂತೆ ಕೆಂಪುಹುಲಿ ತಂಡದ ಅಭಿಮಾನಿಗಳಿಗೆ ಜೆರ್ಸಿ ಮಾರತೊಡಗಿದ. ಬೆನ್ನಿಗೆ ಗಿರಾಕಿಯ ಹೆಸರು, ಎದೆಗೆ ತಂಡದ ಹುಲಿ.

"ಅದು ತಂಡದವರ ಹುಲಿ. ಕೇಳದೆ ಹಾಕಿದ್ರೆ ಸುಮ್ನೆ ಬಿಡ್ತಾರಾ?" ಎಂದು ಹೆಂಡತಿ ರಾಗಿಣಿ ಹೇಳದೆ ಇರಲಿಲ್ಲ.

ಅಷ್ಟೂ ತಿಳಿಯದ ದಡ್ಡನೇ ಚನ್ನವೀರೇಶ? ಹುಲಿಯ ಬಾಲವನ್ನು ಎಡದಿಂದ ಬಲಕ್ಕೆ ತಿರುಗಿಸಿದ. ಹಣೆಯ ಮೇಲೆ ಅಡ್ಡಲಾಗಿ ಮೂರು ಬೆರಳಿನ ವಿಭೂತಿ ಎಳೆದ. "ನೋಡೇ, ಆಯುಧಪೂಜೆ ದಿನ ಹೊಲಿಗೆ ಮಿಷನ್‌ಗೆ ಹಚ್ತೀವಿ, ಸ್ಕೂಟರ್‌ಗೆ ಹಚ್ತೀವಿ. ವಿಭೂತಿ ಬಿದ್ಮೇಲೆ ಅದು ನಮ್ಮನೇದು. ಹುಲಿಗೂ ಅಷ್ಟೇ."

"ಮಿಷನ್ ನಾವು ದುಡ್ಡು ಕೊಟ್ಟು ತಂದಿದ್ದು ಕಣ್ರೀ," ಎಂದಳು ರಾಗಿಣಿ. ಇವಳಿಗೇನು ಗೊತ್ತು ವ್ಯಾಪಾರ ಎಂದು ಅವನು ನಕ್ಕುಬಿಟ್ಟ.

ಜನಕ್ಕೆ ಹುಲಿ ಹಿಡಿಸಿತೋ ವಿಭೂತಿ ಹಿಡಿಸಿತೋ, ಅಂತೂ ಜೆರ್ಸಿ ಬಿಸಿ ದೋಸೆಯಂತೆ ಖರ್ಚಾಯಿತು. ಚನ್ನವೀರೇಶನ ನಡಿಗೆಯೇ ಬದಲಾಯಿತು. ಆಗ ಬ್ಯಾಡರಹಳ್ಳಿಯ ಉದಯಕುಮಾರ್ ಎಂಬವನು ಅದೇ ಹುಲಿಯನ್ನು, ಅದೇ ವಿಭೂತಿ ಸಮೇತ, ಅದೇ ಜಾಲತಾಣದಲ್ಲಿ ಮಾರಲು ಕೂತ. ಚನ್ನವೀರೇಶನಿಗೆ ಮೈಯೆಲ್ಲ ಉರಿದುಹೋಯಿತು. ಸ್ಕೂಟರ್ ಹತ್ತಿ ಮಾಗಡಿ ರೋಡಿನ ಟ್ರಾಫಿಕ್ಕನ್ನೆಲ್ಲ ಬೈಯುತ್ತ ಹೋಗಿ ಅವನ ಬಾಗಿಲಲ್ಲಿ ನಿಂತ.

"ನನ್ನ ಹುಲಿ ಕದ್ದಿದೀಯಲ್ಲೋ, ಮಾನ ಮರ್ಯಾದೆ ಇದೆಯೇನೋ ನಿಂಗೆ?"

"ಅಣ್ಣಾ, ಸರಿಯಾಗಿ ನೋಡಿ," ಎಂದ ಉದಯಕುಮಾರ್, ಒಂದಿಷ್ಟೂ ಅಳುಕದೆ. "ನಿಮ್ಮದಕ್ಕೆ ಬರೀ ವಿಭೂತಿ. ನಂದಕ್ಕೆ ಮಧ್ಯದಲ್ಲಿ ಕುಂಕುಮಾನೂ ಇದೆ. ಇದು ಬೇರೆ ಹುಲಿ."

ಎಂಥ ಭಂಡತನ! ಇನ್ನೊಬ್ಬರ ಹುಲಿಗೆ ಬೊಟ್ಟಿಟ್ಟು ತನ್ನದು ಎನ್ನುವವನನ್ನು ಚನ್ನವೀರೇಶ ಜನ್ಮದಲ್ಲಿ ನೋಡಿರಲಿಲ್ಲ. ರಾಗಿಣಿ ಬೇಡ ಬೇಡವೆಂದರೂ ಕೇಳದೆ, ಹುಲಿ ನನ್ನದು, ಕಳ್ಳನನ್ನು ಹೊರಗೆ ಹಾಕಿ ಎಂದು ಜಾಲತಾಣದವರಿಗೆ ಫೋಟೋ ಸಮೇತ ದೂರು ಕಳಿಸಿದ.

ಜಾಲತಾಣದವರು ಬಲು ಶಿಸ್ತಿನ ಜನ. ಹುಲಿ ನಿಜಕ್ಕೂ ಯಾರದೆಂದು ಹುಡುಕಿದರು. ಹುಡುಕಿ, ಇಬ್ಬರ ಅಂಗಡಿಯನ್ನೂ ಮುಚ್ಚಿದರು. ಅಷ್ಟು ದಿನ ಯಾರ ಕಣ್ಣಿಗೂ ಬೀಳದೆ ಇದ್ದವನು ತಾನಾಗಿಯೇ ಕೈಯೆತ್ತಿ ಇಲ್ಲಿದ್ದೀನಿ ಎಂದಿದ್ದ.

ತಂಡದ ವಕೀಲೆ ಐಶ್ವರ್ಯಳ ಆಫೀಸು ರಾಜಾಜಿನಗರದಲ್ಲಿತ್ತು. ಚನ್ನವೀರೇಶ ಅಲ್ಲಿಗೆ ಹೋಗಿ ಕೈಮುಗಿದ. ಅಂಗಡಿ ಹೋದರೆ ತಾನು ಬೀದಿಗೆ ಬೀಳುತ್ತೇನೆ ಎಂದು ನಾಚಿಕೆ ಬಿಟ್ಟು ಹೇಳಿಕೊಂಡ. ಅವಳು ಒಳ್ಳೆಯ ಹುಡುಗಿ, ಕಾಫಿ ತರಿಸಿದಳು.

"ನಮ್ಮ ಹುಲಿ, ನಮ್ಮ ತಂಡದ ಹೆಸರು, ಎರಡನ್ನೂ ಇನ್ಮೇಲೆ ಮುಟ್ಟಲ್ಲ ಅಂತ ಮುಚ್ಚಳಿಕೆ ಬರ್ಕೊಡಿ ಸಾರ್. ಅಂಗಡಿ ತೆಗಿಸ್ತೀನಿ."

"ವಿಭೂತಿ?"

"ಅದು ನಮ್ಮದಲ್ಲ ಸಾರ್. ನಿಮ್ಮದನ್ನ ನೀವು ಇಟ್ಕೊಳ್ಳಿ."

ಅಬ್ಬ! ಅವನಿಗೆ ಹೋದ ಜೀವ ಬಂದಂತಾಯಿತು. ಬರೆದುಕೊಟ್ಟು ಬಂದವನೇ ಹೊಸ ಜೆರ್ಸಿ ಮಾಡಿದ. ಹುಲಿ ಇಲ್ಲ, ತಂಡದ ಹೆಸರಿಲ್ಲ. ಬೆನ್ನಿಗೆ ಗಿರಾಕಿಯ ಹೆಸರು, ಕಪ್ಪು ತೋಳಿನ ಮೇಲೆ ಬೆಳ್ಳಗೆ ಮೂರು ಗೆರೆ. "ಈಗ ಚೆನ್ನಾಗಿದೆ ನೋಡಿ. ಯಾರ ಹಂಗೂ ಇಲ್ಲ," ಎಂದು ರಾಗಿಣಿಯೂ ಒಪ್ಪಿದಳು. ಅಂಗಡಿ ತೆರೆಯಿತು. ಬೆಳಿಗ್ಗೆ ಜೆರ್ಸಿಯ ಫೋಟೋ ಹಾಕಿದ. ಸಂಜೆಯೊಳಗೆ ಅಂಗಡಿ ಮತ್ತೆ ಮುಚ್ಚಿತು. ಎರಡನೆಯ ತಪ್ಪಾದ್ದರಿಂದ ಇನ್ನು ತೆರೆಯುವುದಿಲ್ಲ ಎಂದು ಜಾಲತಾಣದವರು ತಿಳಿಸಿದ್ದರು.

ಕೂಡಲೇ ಐಶ್ವರ್ಯಳಿಗೆ ಫೋನ್ ಮಾಡಿದ. ಅವಳು ಫೋಟೋ ತರಿಸಿಕೊಂಡು ನೋಡಿದಳು.

"ಅಯ್ಯೋ ಸಾರ್, ಆಟದ ಬಟ್ಟೆ ಮೇಲೆ ಮೂರು ಪಟ್ಟೆ ಅಂದ್ರೆ ಅದೊಂದು ಫಾರಿನ್ ಬೂಟಿನ ಕಂಪನಿ ಗುರುತು. ಇದರಲ್ಲಿ ನಾನೇನೂ ಮಾಡಕ್ಕಾಗಲ್ಲ."

"ಪಟ್ಟೆ ಅಲ್ಲಮ್ಮಾ, ವಿಭೂತಿ!" ಎಂದ ಚನ್ನವೀರೇಶ. "ನಮ್ಮಜ್ಜನ ಹಣೆ ಮೇಲಿತ್ತು. ಅವರಜ್ಜನ ಹಣೆ ಮೇಲೂ ಇತ್ತು. ಆಗ ಆ ಕಂಪನಿಯವರು ಹುಟ್ಟೇ ಇರಲಿಲ್ಲ!"

"ನಿಮ್ಮ ಕಡೆಯವರು ಯಾರಾದ್ರೂ ರಿಜಿಸ್ಟರ್ ಮಾಡ್ಸಿದ್ರಾ ಸಾರ್?"

"ಹಣೇನ ಯಾರಮ್ಮಾ ರಿಜಿಸ್ಟರ್ ಮಾಡಿಸ್ತಾರೆ?"

"ಹಾಗಾದ್ರೆ ಕಷ್ಟ ಸಾರ್," ಎಂದಳು ಐಶ್ವರ್ಯ, ನಿಜವಾಗಿಯೂ ನೊಂದುಕೊಂಡು.