ಕಾಜಲಳ ಪಾಲಿನ ಜೋಳ

ನಾಗನೂರಿನ ಶಂಕ್ರವ್ವನ ಕೈ ಒಳ್ಳೆಯದು, ಬಾಯಿ ಕೆಟ್ಟದ್ದು. ಇದು ಓಣಿಗೆಲ್ಲ ಗೊತ್ತಿದ್ದ ಮಾತು. ಹೊಲದ ತುಂಬ ಕಬ್ಬೇ ನಿಂತ ಮೇಲೆ ಊಟದ ಜೋಳ ಕೊಂಡೇ ತರಬೇಕಲ್ಲ. ಸುಗ್ಗಿ ಮುಗಿದ ಕೂಡಲೇ ಅವಳೇ ಟೆಂಪೋ ಹತ್ತಿ ಬೆಲ್ಲದ ಬಾಗೇವಾಡಿಗೆ ಹೋಗುತ್ತಿದ್ದಳು. ಚೀಲದೊಳಗೆ ಮೊಳಕೈತನಕ ಕೈಹಾಕಿ, ತಳದ ಕಾಳು ತೆಗೆದು, ಹಲ್ಲಿಗೆ ಕೊಟ್ಟು ನೋಡಿ, ಆಮೇಲೆಯೇ ವರ್ಷದ ಜೋಳ ಹೇರಿಸುವುದು. ಊರ ಗಿರಣಿಯವನು ಮಂದಿಯ ಹಿಟ್ಟನ್ನೆಲ್ಲ ಕಲಸಿಬಿಡುತ್ತಾನೆಂದು ಜಗಳ ತೆಗೆದು, ಗಂಡ ಹಣಮಂತನನ್ನು ಗೋಕಾಕಕ್ಕೆ ಅಟ್ಟಿ, ಮನೆಗೇ ಒಂದು ಸಣ್ಣ ಗಿರಣಿ ತರಿಸಿದಳು. ಹಿಟ್ಟು ಹಳತಾದರೆ ಜಿಗಿ ಹೋಗಿ ರೊಟ್ಟಿ ಹರಿಯುತ್ತದೆ, ಅದಕ್ಕೇ ಅಂದಿನ ಹಿಟ್ಟು ಅಂದೇ. ಆ ಗಿರಣಿಗೆ ಬೇರೆ ಯಾರೂ ಕೈ ಹಚ್ಚುವಂತಿರಲಿಲ್ಲ.

ಅವಳಿಗೆ ಮಕ್ಕಳಾಗಲಿಲ್ಲ. ಒಂದೇ ಮನೆಯಲ್ಲಿದ್ದ ಮೈದುನ ಸಿದ್ರಾಮನ ಹೆಂಡತಿ ಸುಜಾತಾ ಹಡೆದು ಜ್ವರದಲ್ಲಿ ಮಲಗಿದಾಗ ಕೂಸನ್ನು ಎತ್ತಿಕೊಂಡವಳು, ತಾಯಿ ಎದ್ದು ಓಡಾಡಿದರೂ ತಿರುಗಿ ಕೊಡಲೇ ಇಲ್ಲ. ಕೇಳುವ ಧೈರ್ಯ ಸುಜಾತಾಗೂ ಇರಲಿಲ್ಲ ಬಿಡಿ. ಆ ಕೂಸು ಕಾಜಲ್ ದೊಡ್ಡವ್ವನ ಬಾಜೂ ಮಲಗಿ, ದೊಡ್ಡವ್ವ ಬಡಿದ ರೊಟ್ಟಿಯನ್ನೇ ತಿಂದು ಐದು ವರ್ಷದವಳಾದಳು. ಹೆತ್ತವಳು ತುತ್ತು ಹಿಡಿದರೆ ಮುಖ ತಿರುವುತ್ತಿದ್ದಳು. ಅದನ್ನು ನೋಡಿ ಶಂಕ್ರವ್ವನಿಗೆ ಒಳಗೊಳಗೇ ಹಿಗ್ಗು.

ಒಮ್ಮೆ ಶಂಕ್ರವ್ವ ಹುಕ್ಕೇರಿಗೆ ಲಗ್ನಕ್ಕೆ ಹೋಗಿದ್ದಳು. ಇವತ್ತಾದರೂ ಮಗಳು ತನ್ನ ಕೈಯ ರೊಟ್ಟಿ ತಿನ್ನಲಿ ಎಂದು ಸುಜಾತಾ ಜೋಳವನ್ನು ತೊಳೆದು, ಸರಿಯಾಗಿ ಆರುವ ಮೊದಲೇ ಗಿರಣಿಗೆ ಸುರಿದಳು. ಹಸಿ ಹಿಟ್ಟು ಕಲ್ಲಿಗೆ ಮೆತ್ತಿ ಗಿರಣಿ ಗಪ್ಪಾಯಿತು. ತಿರುಗಿ ಬಂದ ಶಂಕ್ರವ್ವ, ಓಣಿಯ ಹೆಂಗಸರೆಲ್ಲ ನಿಂತಿರುವಾಗಲೇ ಅಂದುಬಿಟ್ಟಳು.

"ಬರೇ ಹಡದ್ರ ತಾಯಿ ಆಗೂದಿಲ್ಲ."

ಆಡಿದ ಮೇಲೆ ನಾಲಗೆ ಕಚ್ಚಿಕೊಂಡರೆ ಏನು ಬಂತು? ಸುಜಾತಾ ನೆಟ್ಟಗೆ ಒಳಗೆ ಹೋದಳು. ಬೇರೆ ಆಗೋಣ ಎಂದು ಗಂಡನಿಗೆ ಹೇಳಿದಳು, ಅಷ್ಟೇ.

ಪಾಲು ಮಾಡಲು ಮನೆತನದ ಹಿರಿಯ, ಕಾಶಿನಾಥ ಕಾಕಾ ಬಂದು ಕೂತ. ಪಾತ್ರೆ ಪಡಗ ಹಂಚಿದರು, ಪಡಸಾಲೆಯ ನಡುವೆ ತಗಡು ನಿಲ್ಲಿಸಿದರು. ರಿಪೇರಿಯಾದ ಗಿರಣಿ ಶಂಕ್ರವ್ವನಿಗೇ ಬಿತ್ತು. ಕಾಳನ್ನು ಮಾತ್ರ ತಲೆಗಿಷ್ಟು ಎಂದು ಅಳೆಯುವುದು ಆ ಮನೆತನದ ಪದ್ಧತಿ, ಅಳೆಯಬೇಕಾದವಳು ಹಿರಿಯ ಸೊಸೆ. ಶಂಕ್ರವ್ವ ಗಂಡನದು ಅಳೆದಳು, ತನ್ನದು ಅಳೆದಳು, ಮತ್ತೆ ಸೇರು ತುಂಬಿ ಅದೇ ಚೀಲಕ್ಕೆ ಸುರಿಯಹೋದಳು. ಕೇಳಿದರೆ, ಇದು ಕಾಜಲಳದು ಎಂದಳು.

"ಅದು ಆ ಚೀಲಕ್ಕ ಹಾಕವಾ," ಎಂದ ಕಾಶಿನಾಥ, ಸಿದ್ರಾಮನ ಚೀಲ ತೋರಿಸಿ, ಮೆತ್ತಗೆ.

ಹಣಮಂತನ ಮುಖ ನೋಡಿದರೆ ಅವನು ನೆಲ ನೋಡುತ್ತಿದ್ದ. ಎದೆಗವಚಿಕೊಂಡು ಬೆಳೆಸಿದ ಕೂಸನ್ನು ಶಂಕ್ರವ್ವ ತನ್ನ ಕೈಯಿಂದಲೇ ಸೇರು ಸೇರಾಗಿ ಅಳೆದು ಕೊಟ್ಟಳು. ಒಂದು ಕಾಳೂ ಕೆಳಗೆ ಚೆಲ್ಲಲಿಲ್ಲ.

ಅಂದೇ ಸಂಜೆ ಕಾಜಲ್ ಹಿತ್ತಲ ಬಾಗಿಲಿಗೆ ಬಂದು ನಿಂತಳು. ಲಂಗದ ಮಡಿಲಲ್ಲಿ ಜೋಳ ಕಟ್ಟಿಕೊಂಡಿದ್ದಳು.

"ದೊಡವ್ವ, ನನ್ನ ಪಾಲ ತಂದೇನಿ. ಬೀಸಿ ರೊಟ್ಟಿ ಮಾಡಿ ಕೊಡ."

ಶಂಕ್ರವ್ವನಿಗೆ ಬಾಚಿ ಎತ್ತಿಕೊಂಡು ಬಾಗಿಲು ಹಾಕಿಬಿಡಬೇಕೆನ್ನಿಸಿತು. ಆದರೆ ಮಗಳ ಹಿಂದೆಯೇ, ಅಷ್ಟು ದೂರದಲ್ಲಿ ಸುಜಾತಾ ನಿಂತಿದ್ದಳು. ತನ್ನ ಮಗಳನ್ನು ತಾನು ಕರೆಯಲಿಕ್ಕೂ ಹೆದರಿಕೆ ಅವಳಿಗೆ. ಅಯ್ಯ ಶಿವನೇ, ಇವಳನ್ನು ನಾನು ಏನು ಮಾಡಿಟ್ಟೆ ಎಂದು ಶಂಕ್ರವ್ವನಿಗೆ ಆಗ ಅನ್ನಿಸಿತು.

ಮಡಿಲ ಜೋಳ ಇಸಿದುಕೊಂಡು ಬೀಸಿದಳು. ಹಿಟ್ಟನ್ನು ಡಬ್ಬಿಗೆ ತುಂಬಿ ಕಾಜಲಳ ಕೈಗೆ ಕೊಟ್ಟಳು.

"ನಿಮ್ಮವ್ವ ನನಗಿಂತ ಚಲೋ ಮಾಡ್ತಾಳ. ಲಗೂನ ಒಯ್ಯಿ."

ಕಾಜಲ್ ತಿರುತಿರುಗಿ ನೋಡುತ್ತ ಹೋದಳು.

ತಗಡಿನ ಆಚೆ ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು. ಶಂಕ್ರವ್ವ ಒಲೆ ಹಚ್ಚದೆ ಕಿವಿಗೊಟ್ಟು ಕೂತಳು. ಈಗ ಒಲ್ಲೆ ಅನ್ನುತ್ತಾಳೆ, ಈಗ ಅಳುತ್ತಾಳೆ, ದೊಡವ್ವ ಎಂದು ಓಡಿ ಬರುತ್ತಾಳೆ. ಕಳಿಸಿದವಳು ತಾನೇ ಆದರೂ ಆಸೆ ಬಿಡಬೇಕಲ್ಲ, ಹಾಳಾದ್ದು. ಬಡಿಯುವ ಸಪ್ಪಳ ನಿಂತು, ತಾಟು ಇಟ್ಟ ಸದ್ದಾಯಿತು. ಆಮೇಲೆ ಕಾಜಲಳ ದನಿ ಬಂತು.

"ಯವ್ವಾ, ಇನ್ನೊಂದ ಹಾಕ."

ಶಂಕ್ರವ್ವ ಬಾಯಿಗೆ ಸೆರಗು ತುರುಕಿಕೊಂಡು, ಆಚೆ ಕೇಳಿಸದ ಹಾಗೆ ಅತ್ತಳು.