ಒಂದೇ ಅಳತೆಯ ಐದು ಪದ

ಸಬ್ರೀನ್ ಶಿಕಾರಿಪುರದವಳು. ಅವಳ ತಂದೆ ರಜಾಕ್ ಅಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾರೆ. ಎರಡು ವರ್ಷದಿಂದ ಅವಳು ಸೊರಬ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಅತಿಥಿ ಶಿಕ್ಷಕಿ. ಅತಿಥಿ ಅಂದರೆ ಪ್ರತಿ ವರ್ಷ ಹೊಸದಾಗಿ ಕರೆಯಬೇಕು. ಕರೆಯದಿದ್ದರೆ ಮನೆಯಲ್ಲಿರಬೇಕು. ಹೋದ ವರ್ಷ ಹತ್ತನೇ ತರಗತಿಯಲ್ಲಿ ಹನ್ನೊಂದು ಮಕ್ಕಳು ವಿಜ್ಞಾನದಲ್ಲಿ ಫೇಲಾಗಿದ್ದರಿಂದ, ಈ ಸಲ ವಿಷಯ ಪರಿವೀಕ್ಷಕರು ಬಂದು ಪಾಠ ನೋಡಿ ಒಪ್ಪಬೇಕಿತ್ತು. ಅದಾದ ಮೇಲೆ ಹೆಡ್‌ಮಾಸ್ಟರ್ ಪರಮಶಿವಪ್ಪನವರು ಶಿಫಾರಸು ಬರೆಯಬೇಕಿತ್ತು. ಇಬ್ಬರಲ್ಲಿ ಒಬ್ಬರು ಬೇಡ ಅಂದರೂ ಕೆಲಸ ಹೋಗುತ್ತಿತ್ತು.

ಅವಳ ಪಾಠದ ಕ್ರಮ ಬೇರೆ. ಪಾಠಕ್ಕೆ ಮೊದಲು ಒಂದು ಪ್ರಶ್ನೆ ಕೇಳುವಳು. ಮಕ್ಕಳು ತಮಗೆ ತೋಚಿದ ಮೂರು ಪದಗಳನ್ನು ಚೀಟಿಯಲ್ಲಿ ಬರೆದು ಕೊಡಬೇಕು, ಹೆಸರು ಬರೆಯುವಂತಿಲ್ಲ. ಆ ಪದಗಳನ್ನೆಲ್ಲ ಫೋನಿಗೆ ಹಾಕಿ ತರಗತಿಯ ಟಿ.ವಿ.ಗೆ ಜೋಡಿಸಿದರೆ, ಹೆಚ್ಚು ಜನ ಬರೆದ ಪದ ದೊಡ್ಡದಾಗಿ, ಒಬ್ಬರೇ ಬರೆದದ್ದು ಇರುವೆಯಷ್ಟಾಗಿ ಕಾಣುತ್ತಿತ್ತು. ಅದನ್ನು ಅವಳು ಪದಮೋಡ ಎನ್ನುತ್ತಿದ್ದಳು. ತಪ್ಪು ಎಲ್ಲಿ ದೊಡ್ಡದಾಗಿದೆಯೋ ಅಲ್ಲಿಂದ ಪಾಠ ಶುರು.

ಪರಮಶಿವಪ್ಪನವರಿಗೆ ಇದು ಹಿಡಿಸಿರಲಿಲ್ಲ. ತಪ್ಪನ್ನು ಟಿ.ವಿ.ಯಲ್ಲಿ ಹಾಕಿ ತೋರಿಸುವುದು ಶಾಲೆಯ ಮರ್ಯಾದೆ ಹರಾಜು ಹಾಕಿದ ಹಾಗೆ ಎಂದು ಅವರ ಲೆಕ್ಕ. ಪರಿವೀಕ್ಷಕರು ಬರುವ ದಿನ ಬೆಳಿಗ್ಗೆ, ಸಬ್ರೀನಳ ಬಸ್ಸು ಇನ್ನೂ ಬಂದಿರಲಿಲ್ಲ. ಪ್ರಾರ್ಥನೆ ಮುಗಿದದ್ದೇ ಅವರು ಹತ್ತನೇ ತರಗತಿಗೆ ಹೋಗಿ ಬೋರ್ಡಿನ ಮೇಲೆ ಐದು ಪದ ಬರೆದರು: ಬೆಳಕು, ನೀರು, ಪತ್ರಹರಿತ್ತು, ಪಿಷ್ಟ, ದ್ಯುತಿಸಂಶ್ಲೇಷಣೆ.

"ಇವತ್ತು ಗಿಡದ ಆಹಾರದ ಪಾಠ. ಚೀಟಿ ಕೊಟ್ರೆ ಈ ಐದನ್ನೇ ಬರೀಬೇಕು. ಆರನೇದು ಬಂತೋ, ಬೆನ್ನಿನ ಚರ್ಮ ಸುಲೀತೀನಿ. ಮೇಡಂಗೆ ಹೇಳಬ್ಯಾಡಿ."

ಹೇಳಿ ಬೋರ್ಡು ಒರೆಸಿದರು. ಅವರು ಕೆಡುಕು ಬಯಸಿರಲಿಲ್ಲ. ಹುಡುಗಿಯ ಕೆಲಸ ಉಳಿಯಲಿ ಎಂದೇ ಮಾಡಿದ್ದರು.

ಹನ್ನೊಂದು ಗಂಟೆಗೆ ಪರಿವೀಕ್ಷಕ ಸುರೇಂದ್ರ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಪರಮಶಿವಪ್ಪನವರು ಬಾಗಿಲ ಹತ್ತಿರ ನಿಂತರು. ಸಬ್ರೀನ್ ಪ್ರಶ್ನೆ ಕೇಳಿದಳು: ಗಿಡಕ್ಕೆ ಆಹಾರ ಎಲ್ಲಿಂದ ಬರುತ್ತದೆ? ಮೂರು ಪದ ಬರೆಯಿರಿ.

ಇಪ್ಪತ್ತೆಂಟು ಚೀಟಿ ಬಂದವು. ಮೊದಲನೆಯದರಲ್ಲಿ ಐದು ಪದ. ಎರಡನೆಯದರಲ್ಲೂ ಅವೇ ಐದು, ಅದೇ ಕ್ರಮದಲ್ಲಿ. ಹತ್ತನೆಯದಕ್ಕೆ ಬಂದಾಗ ಅವಳಿಗೆ ಅರ್ಥವಾಯಿತು. ಬಾಗಿಲ ಕಡೆ ನೋಡಿದಳು. ಪರಮಶಿವಪ್ಪನವರು ತಲೆಯಾಡಿಸಿ, ಹಾಕಿ ಹಾಕಿ ಎಂದು ಸನ್ನೆ ಮಾಡಿದರು. ಅವಳು ಇದ್ದದ್ದನ್ನು ಇದ್ದಂತೆ ಹಾಕಿದಳು.

ಟಿ.ವಿ.ಯಲ್ಲಿ ಮೋಡ ಮೂಡಲಿಲ್ಲ. ಐದು ಪದಗಳು ಒಂದೇ ಅಳತೆಯಲ್ಲಿ, ಅಂಗಡಿಯ ಬೋರ್ಡಿನ ಹಾಗೆ ಬಂದು ನಿಂತವು.

ಸುರೇಂದ್ರ ಕನ್ನಡಕ ಸರಿಮಾಡಿಕೊಂಡರು. "ಎಲ್ಲರೂ ಅದೇ ಐದನ್ನ ಬರೆದಿದಾರೇನ್ರೀ?"

"ಹೌದು ಸರ್."

"ಮೂರು ಪದ ಕೇಳಿದ್ರೆ ಐದು ಬರೀತಾರೆ ಅಂದ್ರೆ ಭಾಳ ಹುಷಾರು ಮಕ್ಕಳು ಬಿಡ್ರಿ. ಹೋದ ವರ್ಷ ಹನ್ನೊಂದು ಫೇಲಾಗಿದ್ದು ಯಾಕೆ ಮತ್ತೆ? ಬಾಯಿಪಾಠ ಮಾಡಿಸಿ ನಮ್ಮ ಕಣ್ಣಿಗೆ ಮಣ್ಣು ಹಾಕ್ತೀರಾ?"

ಸಬ್ರೀನ್ ಸುಮ್ಮನಿದ್ದರೆ ಪರಿವೀಕ್ಷಕರು ಅವಳ ಮೇಲೆ ಬರೆಯುತ್ತಾರೆ. ಹೆಡ್‌ಮಾಸ್ಟರ ಹೆಸರು ಹೇಳಿದರೆ ಅವರು ಶಿಫಾರಸು ಬರೆಯುವುದಿಲ್ಲ. ಸುರೇಂದ್ರ ಪೆನ್ನು ತೆಗೆದರು.

"ಅವರದಲ್ಲ ಅದು," ಎಂದರು ಪರಮಶಿವಪ್ಪನವರು. "ನಾ ಬರೆಸಿದ್ದು. ಬೆಳಿಗ್ಗೆ ನಾನೇ ನಿಂತು ಬರೆಸಿದ್ದು. ಏನೀಗ? ಬರಕೊಳ್ಳೋದಾದ್ರೆ ನನ್ನ ಹೆಸರು ಬರಕೊಳ್ಳಿ."

ಸುರೇಂದ್ರ ಬರೆದುಕೊಂಡೇಬಿಟ್ಟರು.

"ಸರ್, ಹತ್ತು ನಿಮಿಷ ಕೊಡಿ," ಎಂದಳು ಸಬ್ರೀನ್. ಮಕ್ಕಳ ಕಡೆ ತಿರುಗಿ, "ಚೀಟಿ ವಾಪಸ್ ತಗೊಳ್ಳಿ. ಹಿಂದ್ಗಡೆ ನಿಮ್ಮ ಮನಸಿನಲ್ಲಿ ಇರೋದನ್ನ ಬರೀರಿ. ಯಾರೂ ಬೈಯಲ್ಲ."

ಮಕ್ಕಳು ಹೆಡ್‌ಮಾಸ್ಟರ ಮುಖ ನೋಡಿದರು.

"ಬರೀರೋ, ನನ್ನ ಮುಖದಾಗೆ ಎಂತ ಐತೆ!"

ನೀಲಾಂಬಿಕ ಎಂಬ ಹುಡುಗಿ ಒಂದೊಂದೇ ಚೀಟಿ ಓದಿದಳು, ಸಬ್ರೀನ್ ಫೋನಿನಲ್ಲಿ ಒತ್ತಿದಳು. ಟಿ.ವಿ. ತುಂಬ 'ಯೂರಿಯಾ' ಬಂತು. ಪಕ್ಕದಲ್ಲಿ 'ಗೊಬ್ಬರ', ಕೆಳಗೆ 'ಮಣ್ಣು', ಅಂಚಿನಲ್ಲಿ 'ಬೇರು', 'ನೀರು'. 'ಬೆಳಕು' ಹುಡುಕಿದರೆ ಸಿಗುವಷ್ಟಿತ್ತು. 'ಗಾಳಿ' ಇರಲೇ ಇಲ್ಲ.

"ಇದರಲ್ಲಿ ತಪ್ಪೇನು?" ಎಂದರು ಪರಮಶಿವಪ್ಪನವರು. ಅವರಿಗೆ ಕುಪ್ಪಗಡ್ಡೆಯ ಹತ್ತಿರ ಮೂರು ಎಕರೆ ಗದ್ದೆ. "ನೀವು ಪ್ಯಾಟೇರು. ಯೂರಿಯಾ ಹಾಕದೆ ಭತ್ತ ಬೆಳೆದು ತೋರಿಸ್ರಿ ನೋಡಾನ."

"ಎಕರೆಗೆ ಎಷ್ಟು ಹಾಕ್ತೀರಿ ಸರ್?"

"ಎರಡು ಚೀಲ."

"ಭತ್ತ ಎಷ್ಟು ಬರುತ್ತೆ?"

"ಇಪ್ಪತ್ತು ಚೀಲ ಬಂದೈತೆ, ಒಳ್ಳೆ ವರ್ಷ."

"ಹುಲ್ಲು?"

"ಹುಲ್ಲು ಬೇರೆ. ಒಂದು ಬಣವೆ ಆಗ್ತದೆ."

"ಎರಡು ಚೀಲ ಹಾಕಿ ಇಪ್ಪತ್ತು ಚೀಲ, ಒಂದು ಬಣವೆ ತೆಗೆದ್ರಿ. ಉಳಿದದ್ದು ಎಲ್ಲಿಂದ ಬಂತು?"

"ಮಣ್ಣಿಂದ," ಎಂದ ಒಬ್ಬ.

"ಮೂವತ್ತು ವರ್ಷ ಬೆಳೆದ್ರೆ ಅಷ್ಟು ಮಣ್ಣು ಖರ್ಚಾಗಿ ಗದ್ದೆ ಗುಂಡಿ ಆಗ್ಬೇಕಿತ್ತಲ್ಲ. ಆಗಿದೆಯಾ?"

"ನೀರಿಂದ ಮೇಡಂ," ಎಂದಳು ನೀಲಾಂಬಿಕ.

"ನೀರೂ ಸೇರುತ್ತೆ. ಆದರೆ ಒಣಹುಲ್ಲು ಸುಟ್ಟರೆ ಕರಿ ಆಗುತ್ತಲ್ಲ, ಅದು ನೀರಲ್ಲಿತ್ತಾ? ಯೂರಿಯಾ ಬೇಡ ಅಂತಲ್ಲ. ಅದು ಸಾರಿಗೆ ಉಪ್ಪಿದ್ದ ಹಾಗೆ. ಉಪ್ಪೇ ಊಟ ಅಲ್ಲ."

ಪರಮಶಿವಪ್ಪನವರು ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ಲೆಕ್ಕ ಕೂಡಲಿಲ್ಲ.

"ಎಲ್ಲಿಂದ ಬಂತು, ಅದನ್ನ ಹೇಳ್ರೀ ಮತ್ತೆ!"

"ಬಹುಪಾಲು ಗಾಳಿಯಿಂದ ಸರ್. ಗಾಳಿಯಲ್ಲಿರೋ ಇಂಗಾಲ."

"ಗಾಳಿಯಿಂದ ಬಣವೆ? ಕಿವಿ ಮೇಲೆ ಹೂ ಇಡ್ತೀರಾ?"

ಮಕ್ಕಳು ನಕ್ಕರು. ಆಮೇಲೆ ಒಬ್ಬೊಬ್ಬರೇ ಪ್ರಶ್ನೆ ಕೇಳತೊಡಗಿದರು. ಬೆಲ್ಲು ಹೊಡೆದರೂ ಯಾರೂ ಏಳಲಿಲ್ಲ. ಸುರೇಂದ್ರ ಊಟದ ಹೊತ್ತಿನವರೆಗೆ ಕೂತರು. ಭೇಟಿ ಪುಸ್ತಕದಲ್ಲಿ ಎರಡು ಸಾಲು ಬರೆದರು. ಶಿಕ್ಷಕಿಯನ್ನು ಮುಂದುವರಿಸಬಹುದು. ಮುಖ್ಯ ಶಿಕ್ಷಕರು ಉತ್ತರ ಬಾಯಿಪಾಠ ಮಾಡಿಸಿದ್ದಕ್ಕೆ ಒಂದು ವಾರದಲ್ಲಿ ಸಮಜಾಯಿಷಿ ನೀಡಬೇಕು.

ಪರಿವೀಕ್ಷಕರ ಬೈಕು ಗೇಟು ದಾಟಿದ ಮೇಲೆ ಪರಮಶಿವಪ್ಪನವರು ಸಬ್ರೀನಳನ್ನು ಆಫೀಸಿಗೆ ಕರೆಸಿದರು. ಶಿಫಾರಸಿನ ಫಾರಂ ಮೇಜಿನ ಮೇಲಿತ್ತು. ಅವಳು ನಿಂತೇ ಇದ್ದಳು.

"ನಿಮ್ಮಿಂದ ನನಗೆ ಇಪ್ಪತ್ತೆರಡು ವರ್ಷದ ಸರ್ವಿಸಿನಾಗೆ ಮೊದಲನೇ ನೋಟೀಸು."

"ತಪ್ಪಾಯ್ತು ಸರ್."

"ನಿಮ್ಮ ತಪ್ಪೇನ್ರೀ ಅದರಲ್ಲಿ? ಸುಮ್ನೆ ತಪ್ಪಾಯ್ತು ಅನ್ನಬ್ಯಾಡಿ, ಸಿಟ್ಟು ಬರ್ತದೆ." ಫಾರಂ ಎಳೆದುಕೊಂಡು ಸಹಿ ಹಾಕಿದರು. ಸೀಲು ಒತ್ತಿದರು. ಕೊಡಲಿಕ್ಕೆ ಕೈ ಚಾಚಿದವರು ಹಿಡಿತ ಬಿಡಲಿಲ್ಲ.

"ಗಾಳಿಗೆ ತೂಕ ಐತೆ ಅಂತ ತೋರಿಸಲಿಕ್ಕೆ ಬರ್ತದಾ?"

"ಬರುತ್ತೆ ಸರ್. ಎರಡು ಬಲೂನು, ಒಂದು ಕಡ್ಡಿ ಸಾಕು."

"ಜೂನ್‌ನಾಗೆ ಬಂದು ಮೊದಲು ಅದನ್ನ ತೋರಿಸ್ರಿ. ಮಕ್ಕಳಿಗಲ್ಲ, ನನಗೆ," ಎಂದು ಫಾರಂ ಬಿಟ್ಟರು.